ಡೆನ್ಮಾರ್ಕಿನ ಕಿವಿಗೆ ಕಾಯಿಸಿದ ಭಾವ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಕು ಹರಿಯುವ ಮುಂಚೆ ಎದ್ದು ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದೆ. ಹಸು ಕರೆದು ಡೈರಿಗೆ ಹಾಲು ಕಳಿಸಿದೆ. ಹುಳದ ಮನೆಯ ಹಿಕ್ಕೆ ಗುಡಿಸಿ ತಿಪ್ಪೆಗೆ ಸುರಿದೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಅವಸರದಲ್ಲಿ ಉಪ್ಪಿಟ್ಟಿನ ತಳ ಹತ್ತಿಸಿದೆ, ತಳ ಬಿಟ್ಟು ಮೇಲಿನದನ್ನು ಎಲ್ಲರಿಗೂ ಬಡಿಸಿದೆ. ಆಮೇಲೆ ಮಧ್ಯಾಹ್ನದವರೆಗೆ ನಾನೂ ನಮ್ಮನೆಯವರೂ ಸೇರಿ ಭಾವನವರ ಡಬ್ಬಗಳನ್ನು ಅಟ್ಟದಿಂದ, ಮಂಚದ ಕೆಳಗಿನಿಂದ, ರಾಗಿ ಮೂಟೆಗಳ ಹಿಂದಿನಿಂದ, ಕೊನೆಗೆ ದೇವರ ಗೂಡಿನ ಪಕ್ಕದಿಂದಲೂ ಎಳೆದು ತೆಗೆದು ಗೂಡ್ಸ್ ಆಟೋಗೆ ಏರಿಸಿದೆವು.

ಭಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ತಮ್ಮನಿಗೆ ಅಪ್ಪಣೆ ಕೊಡುತ್ತಿದ್ದರು. "ರಷ್ಯಾ ಅಡೀಕಾಕ್ಲಾ ಶಿವಣ್ಣ, ಅದ್ಕೇನೂ ಆಗಕ್ಕಿಲ್ಲ. ಜರ್ಮನಿ ಅದ್ರ ಮ್ಯಾಕೆ. ಜಪಾನ್ ನನ್ ತೊಡೆ ಮ್ಯಾಲಿರ್ಲಿ, ನಾನೇ ಹಿಡ್ಕೊಂಡು ಓಯ್ತೀನಿ. ಏಯ್, ಇಂಗ್ಲೆಂಡ್ ಮ್ಯಾಲೆ ಕಾಲಿಕ್ಕಬ್ಯಾಡ ಕಣಪ್ಪ!"

ಆಟೋದವನು ಕಾಲೆತ್ತಿಕೊಂಡು, ಯಾವುದು ಇಂಗ್ಲೆಂಡು ಅಂತ ತಿಳಿಯದೆ ನನ್ನ ಮುಖ ನೋಡಿದ. ನನಗೆ ಗೊತ್ತಿತ್ತು. ಮುದ್ದೆ ತಿರುವಿಕೊಂಡು, ಹುಳ ಮೇಯಿಸಿಕೊಂಡು ಇರಬೇಕಾದ ಹೆಂಗಸಿಗೆ ಯಾವ ಡಬ್ಬ ಇಂಗ್ಲೆಂಡು, ಯಾವುದು ಅಮೆರಿಕ ಅಂತ ಕತ್ತಲಲ್ಲಿ ತಡವಿದರೂ ತಿಳಿಯುವ ಹಾಗಾಗಿತ್ತು. ಇಷ್ಟು ವರ್ಷ ಅವರ ಜೊತೆ ಒಂದೇ ಸೂರಿನಡಿ ಇದ್ದದ್ದಕ್ಕೆ ಸಿಕ್ಕ ಫಲ ಅದು.

ನಮ್ಮ ಭಾವ, ಅಂದರೆ ನಮ್ಮನೆಯವರ ಅಣ್ಣ ಪುಟ್ಟಸ್ವಾಮಿ, ನಮ್ಮೂರು ಕೂಟಗಲ್ ಸುತ್ತಮುತ್ತ 'ಸೌಂಡ್ ಪುಟ್ಟಸ್ವಾಮಿ' ಅಂತಲೇ ಹೆಸರಾದವರು. ಚನ್ನಪಟ್ಟಣದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಹೆಂಡತಿ ಬೇಗ ತೀರಿಕೊಂಡರು. ಇದ್ದೊಬ್ಬ ಮಗಳು ನಮ್ಮ ಮನೆಯಲ್ಲೇ ಬೆಳೆದು ಸಾತನೂರಿಗೆ ಮದುವೆಯಾಗಿ ಹೋದಳು. ಅಂಗಡಿ ಮುಚ್ಚಿದ ಮೇಲೆ ಅಂಗಡಿಯೆಲ್ಲ ನಮ್ಮ ಮನೆಗೆ ಬಂತು.

ಯಾವುದೇ ಸಾಮಾನು ಕೈಗೆ ಬಂದರೂ ಭಾವ ಮೊದಲು ಅದನ್ನು ತಲೆಕೆಳಗು ಮಾಡುತ್ತಿದ್ದರು. ಎಲ್ಲಿ ತಯಾರಾಯಿತು ಅಂತ ಕೆಳಗೆ ಬರೆದಿರುತ್ತದಲ್ಲ, ಅದನ್ನು ಓದಿದ ಮೇಲೇ ಮುಂದಿನ ಮಾತು. ನಾನು ಮದುವೆಯಾಗಿ ಬಂದ ದಿನ ತವರಿನವರು ಕೊಟ್ಟ ಟೇಪ್ ರೆಕಾರ್ಡರನ್ನು ಹಸೆಯ ಪಕ್ಕ ಇಟ್ಟಿದ್ದರು. ಭಾವ ಬಂದವರೇ ಅದನ್ನೆತ್ತಿ ತಿರುಗಿಸಿ ನೋಡಿ, "ಅಯ್ಯೋ ಪಾಪ" ಅಂದರು. ಹೆಣ್ಣಿನ ಕಡೆಯವರೆಲ್ಲ ನನಗೇನೋ ಊನ ಇದೆ ಅಂದುಕೊಂಡು ಗಾಬರಿಯಾದರು. ನಮ್ಮಪ್ಪ ಊಟ ಬಿಟ್ಟು ಎದ್ದೇ ಬಿಟ್ಟಿದ್ದರು. ಅತ್ತೆ ಬಂದು, "ಅವನು ಡಬ್ಬ ನೋಡಿ ಅಂದದ್ದು, ಹೆಣ್ಣು ನೋಡಿ ಅಲ್ಲ ಕಣಣ್ಣ, ಕೂತ್ಕೊಳಿ" ಅಂತ ಸಮಾಧಾನ ಮಾಡಬೇಕಾಯಿತು.

ಇಷ್ಟು ದೇಶ ಬಲ್ಲ ಭಾವ ಆ ಕಡೆ ಮದ್ದೂರು, ಈ ಕಡೆ ಬೆಂಗಳೂರು ದಾಟಿದವರಲ್ಲ. ಬೆಂಗಳೂರಿನಲ್ಲಿ ಭಾನುವಾರ ಸೇರುವ ಹಳೇ ಸಾಮಾನಿನ ಸಂತೆಗೆ ಬಸ್ಸಿನಲ್ಲಿ ಹೋಗಿ, ಯಾರೋ ಬಿಸಾಡಿದ ಆಂಪ್ಲಿಫೈಯರು, ಹೊಟ್ಟೆ ಹರಿದ ಸ್ಪೀಕರು ತಂದು, ಬಿಚ್ಚಿ, ಒರೆಸಿ, ಬೆಸುಗೆ ಹಾಕಿ, ಜೀವ ಬರಿಸಿ, ಅದಕ್ಕೆ ಇವರೇ ಒಂದು ಜಾತಕ ಬರೆಯುತ್ತಿದ್ದರು. ನಾನು ಒಲೆ ಮುಂದೆ ಕೂತಿದ್ದರೆ ಬಾಗಿಲಿಗೆ ಒರಗಿ ನಿಂತು ಶುರು ಮಾಡುತ್ತಿದ್ದರು.

"ದನಿ ಅನ್ನೋದು ಆಯಾ ದೇಶದ ಮನೆ ಗ್ವಾಡೆಯಿಂದ ಹುಟ್ತದೆ ಕಣಮ್ಮ ಜಯಮ್ಮ. ಇಂಗ್ಲೆಂಡಲ್ಲಿ ಯಾವಾಗ್ಲೂ ಜಡಿ ಮಳೆ. ಜನ ಒಳಗೇ ಕೂತಿರ್ತಾರೆ, ಕ್ವಾಣೆ ಸಣ್ಣವು. ಅದ್ಕೇ ಅವರ ಸ್ಪೀಕರ್ರು ಪಕ್ಕದಲ್ಲಿ ಕೂತು ಮಾತಾಡ್ದಂಗೆ. ಅಮೆರಿಕದೋರ ಕ್ವಾಣೆ ಬಯಲಂಗೆ, ಅವರ್ದು ಹೊಲದ ಬದೀಲಿ ನಿಂತು ಕೂಗ್ದಂಗೆ. ಜಪಾನ್‌ನೋರಿಗೆ ಗುಂಡಿ ತಿರುಗ್ಸಿದ್ರೆ ಬೆಣ್ಣೇಲಿ ಬೆರಳಾಡ್ಸಿದಂಗಿರ್ಬೇಕು, ಸದ್ದು ಆಮ್ಯಾಕೆ. ಜರ್ಮನಿ ಮೈಕ್ ಮುಂದೆ ಸುಳ್ಳೇಳಿದ್ರೆ ಸಿಗಾಕ್ಕೊತೀಯ, ಉಸ್ರು ಸಮೇತ ಹಿಡ್ದುಬುಡ್ತದೆ. ಇಟಲಿಯೋರು ಡಬ್ಬ ಮಾಡಿದ್ರೆ ಹಸೆ ಮ್ಯಾಲೆ ಕೂರಿಸ್ಬೋದು, ಅಷ್ಟು ಚೆಂದ. ರಷ್ಯಾ ಒರಳುಕಲ್ಲು. ಮಾತಾಡೋ ಒರಳುಕಲ್ಲು."

"ನಮ್ಮ ದೇಶದ್ದು ಭಾವ?" ಕೇಳಬಾರದು ಅಂತ ಗೊತ್ತಿದ್ದೂ ಒಂದು ದಿನ ಕೇಳಿದೆ. ಸಾರು ಕುದಿಯುತ್ತಿತ್ತು.

"ನಮ್ದು ಹಾರ್ನು. ಮಳೇಲಿ ನೆನೀತದೆ, ಬಿಸ್ಲಲ್ಲಿ ಕಾಯ್ತದೆ, ಮರದಿಂದ ಬಿದ್ರೆ ಎತ್ತಿ ಒಂದೇಟು ತಟ್ಟಿ ಕಟ್ಟಿದ್ರೆ ಮತ್ತೆ ಕೂಗ್ತದೆ. ಗಟ್ಟಿತನದಲ್ಲಿ ಯಾವ ದೇಶದ್ದೂ ಅದ್ರ ಮುಂದೆ ನಿಲ್ಲಕ್ಕಿಲ್ಲ." ಆಮೇಲೆ ದನಿ ಇಳಿಸಿ, "ಕೇಳಕ್ಕೊಂದು ಆಗಕ್ಕಿಲ್ಲ ಅಷ್ಟೆ" ಅಂದರು.

ಚೀನಾದ ಮಾತೆತ್ತಿದರೆ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು. "ಕೆಟ್ಟದ್ದು ಅಂತಲ್ಲ ಕಣಮ್ಮ. ಎಂಥದ್ದು ಕೇಳ್ತಾರೋ ಅಂಥದ್ದು ಮಾಡ್ಕೊಡ್ತಾರೆ, ಒಳ್ಳೇದು ಕೇಳಿದ್ರೆ ಒಳ್ಳೇದೇ. ಈಗ ಎಲ್ಲಾ ದೇಶ್ದೋರೂ ಅಲ್ಲೇ ಮಾಡಿಸ್ಕೊಂಡ್ ಬಂದು ಮ್ಯಾಲೆ ತಮ್ಮೆಸ್ರು ಬರ್ಕೋತಾರೆ. ಹಂಗಾದ್ಮೇಲೆ ಇಂಗ್ಲೆಂಡ್ ದನಿ ಯಾವ್ದು, ಜಪಾನ್ ದನಿ ಯಾವ್ದು ಅಂತ ನಾನು ಹೆಂಗೇಳ್ಲಿ?" ಯಾರೋ ತಮ್ಮ ಜಮೀನಿನ ಗಡಿಕಲ್ಲು ಕಿತ್ತು ಹಾಕಿದ ಹಾಗೆ ಹೇಳುತ್ತಿದ್ದರು. ಅಷ್ಟರಲ್ಲಿ ನನ್ನ ಸಾರು ಉಕ್ಕಿ ಒಲೆ ಆರಿಹೋಗಿರುತ್ತಿತ್ತು.

ಮನೆಯ ಮಂದಿಗೂ ದೇಶ ಹಂಚಿದ್ದರು. ನಮ್ಮನೆಯವರು ಅಮೆರಿಕ: "ದೊಡ್ಡ ಡಬ್ಬ, ಜೋರು ಸದ್ದು, ಕರೆಂಟು ಜಾಸ್ತಿ." ಅತ್ತೆ ಜರ್ಮನಿ: "ಬಿಚ್ಚಕ್ಕೋಗ್ಬಾರ್ದು, ಮತ್ತೆ ಮುಚ್ಚಕ್ಕಾಗಕ್ಕಿಲ್ಲ." ನಾನು ಜಪಾನ್ ಅಂತೆ, ಕೆಟ್ಟು ನಿಲ್ಲುವುದಿಲ್ಲವಂತೆ. ಕೆಟ್ಟು ನಿಲ್ಲಲು ನನಗೆ ಯಾರಾದರೂ ಒಂದು ದಿನ ಬಿಡುವು ಕೊಟ್ಟಿದ್ದರೆ ತಾನೆ?

ಅವರ ಜೊತೆ ಬದುಕುವುದೆಂದರೆ ಹೇಗಿತ್ತು ಅಂತ ತಿಳಿಯಬೇಕಾದರೆ ಮಾಗಡಿಯ ಮದುವೆಯ ವಿಷಯ ಹೇಳಬೇಕು. ನಮ್ಮ ನೆಂಟರ ಮದುವೆಯೇ. ಭಾವ ಅಂದು ಹಾರ್ನು, ಬಾಕ್ಸಿನ ಜೊತೆ ಮಾಮೂಲಿ ಮೈಕಿನ ಬದಲು, ಹೊಸದಾಗಿ ಜೀವ ಬರಿಸಿದ ಜರ್ಮನಿ ಮೈಕನ್ನು ಟವಲಿನಲ್ಲಿ ಸುತ್ತಿ ಮಗುವಿನ ಹಾಗೆ ಎದೆಗವಚಿಕೊಂಡು ತಂದಿದ್ದರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಆಶೀರ್ವಾದದ ನಾಲ್ಕು ಮಾತಾಡಲು ಬಂದು, ರೂಢಿಯಂತೆ ಮೈಕನ್ನು ಬಾಯಿಗೆ ಅಂಟಿಸಿಕೊಂಡರು. ಭಾವ ಮಂಟಪಕ್ಕೆ ಹಾರಿದರು.

"ಯಜಮಾನ್ರೇ, ನುಂಗ್‌ಬ್ಯಾಡಿ! ಇದು ಜರ್ಮನಿದು. ದೂರ ನಿಂತು ಮೆತ್ತಗೆ ಮಾತಾಡಿ, ಅದೇ ಬಂದು ಹಿಡ್ಕತದೆ."

ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. "ಇನ್ನೂ ಒಸಿ" ಅಂದರು ಭಾವ. ಅವರು ಇನ್ನೂ ಸರಿದರು. ಭಾವ ಕೈಯಾಡಿಸುತ್ತಲೇ ಇದ್ದರು, ಅವರು ಸರಿಯುತ್ತಲೇ ಹೋಗಿ ಕೊನೆಗೆ ವಾಲಗದವರ ನಡುವೆ ನಿಂತು, ಡೋಲಿನವನ ಕಿವಿಯಲ್ಲಿ ಆಶೀರ್ವಾದ ಮಾಡಿದರು. ಆಮೇಲೆ ಊಟಕ್ಕೆ ಎಲೆ ಹಾಕಿದೆ ಎಂದು ಮೈಕಿನಲ್ಲಿ ಹೇಳಲು ಬಂದ ಹುಡುಗನ ತಂದೆಗೂ ಇದೇ ಪಾಠ. ಯಾರಿಗೂ ಏನೂ ಕೇಳಲಿಲ್ಲ. ಮೊದಲ ಪಂಕ್ತಿಯಲ್ಲಿ ಪಾತ್ರೆ ಇಳಿಸಲು ಬಂದವರೇ ಕೂತು ಉಂಡರು, ಬೀಗರು ಹೊರಗೆ ಕಾದರು. ಹಿಂದಿರುಗುವಾಗ ನಮ್ಮನೆಯವರು ಕೂಗಾಡಿದರೆ ಭಾವ ಬೇಜಾರೇ ಮಾಡಿಕೊಳ್ಳಲಿಲ್ಲ. "ಮೈಕಿನ ತಪ್ಪಲ್ಲ ಕಣ್ಲಾ ಶಿವಣ್ಣ. ಅಲ್ಲಿ ಗದ್ದಲ ಜಾಸ್ತಿ" ಅಂದರು. ಮದುವೆ ಮನೆಯಲ್ಲಿ ಗದ್ದಲ ಇರದೆ ಇನ್ನೇನಿರುತ್ತದೆ?

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಖಲೀಲ್ ಸಾಬರು ಅವರ ದೋಸ್ತ್. ಜಪಾನಿನ ಆಂಪ್ಲಿಫೈಯರಿನ ಗುಂಡಿ ಮುರಿದಾಗ ಅವರು ಬೊಂಬೆಗೆ ಬಳಸುವ ಆಲೆಮರದಲ್ಲಿ ಒಂದು ಗುಂಡಿ ಕಡೆದು ಕೆಂಪು ಅರಗು ಬಳಿದು ಕೊಟ್ಟರು. ಕರೀ ಡಬ್ಬಕ್ಕೆ ಕೆಂಪು ಮೂಗು ಬಂದಂತಾಯಿತು. "ಎಲ್ಲಾ ದೇಶಕ್ಕೂ ನಂಬರ್ ಕೊಟ್ಟೆಯಲ್ಲಪ್ಪ ಪುಟ್ಟಸ್ವಾಮಿ, ಚನ್ನಪಟ್ಣ ಎಷ್ಟನೇ ನಂಬರು?" ಅಂತ ಸಾಬರು ರೇಗಿಸಿದರೆ ಭಾವ ಗಂಭೀರವಾಗಿ ಆ ಗುಂಡಿ ತಿರುಗಿಸಿ ನೋಡಿ, "ಒಸಿ ಬಿಗಿ ಐತೆ. ನಾಕನೇದು" ಅಂದಿದ್ದರು. ದೋಸ್ತಿಗಾಗಿಯೂ ಮೂರನೇ ಸ್ಥಾನ ಕೊಡಲಿಲ್ಲ.

ಇದೆಲ್ಲ ನಕ್ಕು ಮರೆಯಬಹುದಾದ ಸಂಗತಿ. ನಗಲಾಗದ ಸಂಗತಿ ಶುರುವಾದದ್ದು ಅತ್ತೆಯ ಕಿವಿಯಿಂದ.

ನಮ್ಮ ಅತ್ತೆ ಹುಳದ ಮನೆಯ ಯಜಮಾನಿ. ಎಂಬತ್ತು ದಾಟಿದ ಮೇಲೂ ಅವರ ಮಾತಿಲ್ಲದೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಕೊನೆಯ ಹಂತಕ್ಕೆ ಬಂದಾಗ ಸೊಪ್ಪು ತಿನ್ನುವ ಸದ್ದು ಬಾಗಿಲಿಗೇ ಕೇಳುತ್ತದೆ. ಪಕ್ಕದ ಕೋಣೆಯಲ್ಲಿ ಹತ್ತಾರು ಹೆಂಗಸರು ಹೊಸ ಸೀರೆಯ ಮಡಿಕೆ ಬಿಡಿಸುತ್ತಿರುವಂಥ ಸದ್ದು. ಅತ್ತೆ ಒಳಗೂ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು, ತಲೆ ಒಂದಿಷ್ಟು ವಾಲಿಸಿ, "ಆ ಮೂಲೆ ಸ್ಟ್ಯಾಂಡಿನ ಮ್ಯಾಲಿನ ತಟ್ಟೇಲಿ ಸೊಪ್ಪು ಮುಗುದೈತೆ ನೋಡಮ್ಮಿ" ಅನ್ನುತ್ತಿದ್ದರು. ಏಣಿ ಹಾಕಿ ನೋಡಿದರೆ ಮುಗಿದಿರುತ್ತಿತ್ತು.

ಆ ಸದ್ದು ಅವರಿಗೆ ಮೆಲ್ಲಮೆಲ್ಲನೆ ದೂರವಾಯಿತು. ಮೊದಲು ಹುಳ, ಆಮೇಲೆ ಹಸುವಿನ ಗಂಟೆ, ಆಮೇಲೆ ನಾವು. ಕೊನೆಗೆ ಹುಳದ ಮನೆಯ ಹೊಸ್ತಿಲಿಗೆ ಬರುವುದನ್ನೇ ಬಿಟ್ಟರು. "ನಾನೇನ್ ಮಾಡ್ಲಿ ಅಲ್ಲಿ, ಗೋಡೆ ನೋಡಿದಂಗಾಯ್ತದೆ" ಅಂತ ಜಗುಲಿಯಲ್ಲಿ ಕೂತುಬಿಟ್ಟರು. ಮನೆಯಲ್ಲಿ ಮಾತು ನಡೆದರೆ ಒಬ್ಬೊಬ್ಬರ ಬಾಯನ್ನೂ ನೋಡುತ್ತಾ, ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು, ಸ್ವಲ್ಪ ತಡವಾಗಿ. ಆ ತಡವಾದ ನಗು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ರಾಮನಗರದಲ್ಲಿ ಕಿವಿ ಡಾಕ್ಟರಿಗೆ ತೋರಿಸಿ ಒಂದು ಮೆಷಿನ್ ಹಾಕಿಸೋಣ ಅಂದೆ. ಭಾವ ಕೈ ಅಡ್ಡ ಹಿಡಿದರು.

"ಸಿಕ್ಕಿದ್ದೆಲ್ಲ ಅವ್ವನ ಕಿವಿಗೆ ತುರುಕ್ಬ್ಯಾಡಿ. ಡೆನ್ಮಾರ್ಕ್ ತರ್ಸ್ತೀನಿ ನಾನು. ಸಣ್ಣ ದೇಶ ಕಣಮ್ಮ ಅದು, ಸಣ್ಣ ಸಾಮಾನು ಮಾಡೋದ್ರಲ್ಲಿ ಅವರ ಮುಂದೆ ಯಾರೂ ಇಲ್ಲ. ಗ್ರಾಮಫೋನಿನ ಮುಳ್ಳಿಂದ ಹಿಡ್ದು ಕಿವಿ ಮೆಷಿನ್‌ಗಂಟ. ಬೆಂಗಳೂರಲ್ಲಿ ನಂಗೊಬ್ಬರು ಗೊತ್ತು."

ಗೊತ್ತಿದ್ದವರು ಫೋನ್ ಎತ್ತಲಿಲ್ಲ. ರೇಷ್ಮೆಯ ಒಂದು ಬೆಳೆ ಕಳೆಯಿತು. ಗೊತ್ತಿದ್ದವರಿಗೆ ಗೊತ್ತಿದ್ದವರೊಬ್ಬರು ಸಿಕ್ಕರು. ಇನ್ನೊಂದು ಬೆಳೆ ಕಳೆಯಿತು. ಅತ್ತೆಯನ್ನು ಊಟಕ್ಕೆ ಕರೆಯಬೇಕಾದರೆ ಬೀದಿಯ ನಾಯಿಗಳು ಬೊಗಳುವಷ್ಟು ಕೂಗಬೇಕಿತ್ತು. ನಾನು ಏನು ಕೇಳಿದರೂ ಭಾವನದು ಒಂದೇ ಉತ್ತರ: "ಬತ್ತದೆ ತಡ್ಕಳಮ್ಮ. ಒಳ್ಳೇದು ತಡವಾಯ್ತದೆ." ಆಮೇಲೆ ಅವರ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಅವ್ವನಿಗೆ ಯಾವ ಸದ್ದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಅಂತ ಮೊದಲು ತಿಳಿಯಬೇಕು ಅಂದರು. "ಡಾಕ್ಟ್ರು ಅದನ್ನೇ ಅಲ್ಲವಾ ಮಾಡೋದು ಭಾವ?" ಅಂದೆ. "ಡಾಕ್ಟ್ರ ಹತ್ರ ಇರೋ ಮೆಷಿನ್ನು ಯಾವ ದೇಶದ್ದು, ಕೇಳಿದ್ದೀಯಾ?" ಅಂದರು.

ಹುಳ ಜ್ವರಕ್ಕೆ ಕೂತಾಗ ಮಾತ್ರ ನಮ್ಮಂಥವರಿಗೆ ಪುರುಸೊತ್ತು. ಪೊರೆ ಬಿಡುವ ಮುಂಚೆ ಹುಳ ತಲೆಯೆತ್ತಿ ಅಲ್ಲಾಡದೆ ನಿಂತುಬಿಡುತ್ತದೆ. ಅದಕ್ಕೇ ನಾವು ಜ್ವರ ಅನ್ನುವುದು. ಆಗ ಸೊಪ್ಪು ಹಾಕುವಂತಿಲ್ಲ. ಹಿಂದಿನವು ಮುಂದಿನವು ಎಲ್ಲ ಎದ್ದಮೇಲೆ ಒಟ್ಟಿಗೇ ಹಾಕಬೇಕು. ಮುಂಚೆ ಎದ್ದವುಕ್ಕೆ ತಿನ್ನಲು ಸಿಕ್ಕಿಬಿಟ್ಟರೆ ಅವು ಮುಂದೆ ಓಡುತ್ತವೆ, ಮಿಕ್ಕವು ಹಿಂದೆ ಬೀಳುತ್ತವೆ, ಆಮೇಲೆ ಬೆಳೆಯನ್ನು ಒಂದು ಹದಕ್ಕೆ ತರಲು ದೇವರಿಂದಲೂ ಆಗುವುದಿಲ್ಲ. ಇದು ಭಾವ ಹುಟ್ಟಿ ಬೆಳೆದ ಮನೆಯ ವಿದ್ಯೆ. ಅವರಿಗೆ ಗೊತ್ತಿಲ್ಲದ್ದಲ್ಲ.

ಹೋದ ವರ್ಷ ಹಾಗೆ ನಾಲ್ಕನೇ ಜ್ವರಕ್ಕೆ ಕೂತಾಗ ನಾನೂ ನಮ್ಮನೆಯವರೂ ಹರಕೆ ತೀರಿಸಲು ಕಬ್ಬಾಳಿಗೆ ಹೋಗಿದ್ದೆವು. ಅಲ್ಲಿನ ದೇವಿಗೆ ಮಡಿಲಕ್ಕಿ ಕಟ್ಟಿ, ಪ್ರಸಾದ ತಗೊಂಡು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಗೆ ಬಂದರೆ ಜಗುಲಿಯಲ್ಲಿ ಅತ್ತೆ ಇಲ್ಲ. ಹುಳದ ಮನೆಯಿಂದ ಭಾವನ ಕೂಗು ಬರುತ್ತಿತ್ತು.

"ಇದು ಇಂಗ್ಲೆಂಡು! ಕೇಳ್ತೈತಾ ಅವ್ವ?"

"ಏನು?"

"ಕೇಳ್ತೈತಾ ಅಂದೆ!"

"ಹೂಂ ಕಣಪ್ಪ, ಹಸೀತೈತೆ. ಅವರು ಇನ್ನೂ ಬರ್ನಿಲ್ವಾ?"

ಒಳಗೆ ಹೋಗಿ ನೋಡಿದರೆ ನಡುಮನೆಯ ಕುರ್ಚಿಯಲ್ಲಿ ಅತ್ತೆ, ಅವರ ಸುತ್ತ ಎಲ್ಲಾ ದೇಶಗಳು. ನಾನು ಹೌಹಾರಿದ್ದು ಅದಕ್ಕಲ್ಲ. ಹಟ್ಟಿಯಲ್ಲಿ ಕಟ್ಟಿಟ್ಟಿದ್ದ ಸೊಪ್ಪಿನ ಹೊರೆಗಳನ್ನೆಲ್ಲ ತಂದು ಬಿಚ್ಚಿ, ಸ್ಟ್ಯಾಂಡುಗಳ ಸಂದಿಯಲ್ಲಿ, ತಟ್ಟೆಗಳ ಅಂಚಿನಲ್ಲಿ, ಮೇಲಿನ ಅಟ್ಟಣಿಗೆಯಲ್ಲಿ ದಟ್ಟವಾಗಿ ಸಿಕ್ಕಿಸಿದ್ದರು. ತೋಟವೇ ಒಳಗೆ ನುಗ್ಗಿದ ಹಾಗಿತ್ತು.

"ಭಾವ! ಏನ್ ಮಾಡಿದ್ರಿ ಇದು?"

"ಸೊಪ್ಪು ಸದ್ದು ಕುಡೀತದೆ ಕಣಮ್ಮ." ಅವರ ಮುಖ ಹೊಳೆಯುತ್ತಿತ್ತು. "ಖಾಲಿ ಗ್ವಾಡೆ ಇದ್ರೆ ಮಾತು ಒದ್ರುತದೆ, ಅವ್ವಂಗೆ ಗೊತ್ತಾಗಕ್ಕಿಲ್ಲ. ಈಗ ಕೇಳು, ಚಪ್ಪಾಳೆ ತಟ್ಟು. ತಟ್ಟು ಒಂದ್ಸಲ! ಯಾವ ದೇಶದಲ್ಲೈತೆ ಇಂಥ ಕ್ವಾಣೆ?"

ನಾನು ಚಪ್ಪಾಳೆ ತಟ್ಟಲಿಲ್ಲ. ತಟ್ಟೆಯ ಅಂಚಿಗೆ ಬಗ್ಗಿ ನೋಡಿದೆ. ಮುಂಚೆ ಎದ್ದ ಹುಳ ಕಡ್ಡಿಗೆ ಹತ್ತಿ ಮೇಯುತ್ತಿದ್ದವು. ಪಕ್ಕದಲ್ಲೇ ಮಿಕ್ಕವು ತಲೆಯೆತ್ತಿಕೊಂಡು ಜ್ವರದಲ್ಲೇ ಇದ್ದವು. ನಮ್ಮನೆಯವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. "ಅಣ್ಣಾ, ನೀನು ಮನುಷ್ಯನೇನಣ್ಣಾ?" ಅಂದರು.

ಆ ಬೆಳೆ ನಮ್ಮನ್ನು ಹಿಂಡಿ ಹಾಕಿತು. ಒಂದು ಕಡೆ ಹಣ್ಣಾದ ಹುಳ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದರೆ, ಅದೇ ತಟ್ಟೆಯಲ್ಲಿ ಇನ್ನೊಂದಕ್ಕೆ ಸೊಪ್ಪು ಬೇಕು. ಹಣ್ಣಾದವನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಾ, ಸೊಂಟ ಹಿಡಿದು, ಊಟ ನಿಂತುಕೊಂಡೇ ಮಾಡಿದೆವು. ಭಾವನೂ ಆಯಲು ಕೂತರು. ಹಣ್ಣಾಗದ ಹುಳವನ್ನೇ ಆಯ್ದು ಬಿಟ್ಟರು. ಅದನ್ನು ಹಿಂದಕ್ಕೆ ಆಯುವ ಕೆಲಸವೂ ನನಗೇ ಬಂತು. ಕೊನೆಗೆ ಚಂದ್ರಿಕೆ ಕೆಳಗಿಟ್ಟು ಹೇಳಿದೆ.

"ಭಾವ, ಡೆನ್ಮಾರ್ಕ್‌ನೋರು ಬಂದು ಅತ್ತೆ ಕಿವೀಲಿ ಕೂತ್ಕೊಳ್ಳೋಗಂಟ ನಾನು ಕಾಯಕ್ಕಿಲ್ಲ. ಗೂಡು ಮಾರ್ಕೆಟ್ಟಿಗೆ ಹಾಕಿದ ಮಾರನೇ ದಿನ ಕರ್ಕೊಂಡು ಹೋಗ್ತೀನಿ. ನೀವು ಏನಾದ್ರೂ ಅಂದ್ಕೊಳ್ಳಿ."

ಅವರಿಗೆ ಎದುರು ನಿಂತು ನಾನು ಆಡಿದ ಮೊದಲ ಗಟ್ಟಿ ಮಾತು ಅದು. ಭಾವ ಕೈಯಲ್ಲಿದ್ದ ಹುಳವನ್ನು ನೋಡುತ್ತಾ ಕೂತಿದ್ದರು.

"ತಗಡು ದನೀಲಿ ಕೇಳ್ಬೇಕಾ ಅವ್ವ?" ಅಂದರು. "ಹಾರ್ನಲ್ಲಿ ಊರ್ನೋರೆಲ್ಲ ನನ್ ದನಿ ಕೇಳವ್ರೆ. ಕಾಗೆ ಕೂಗ್ದಂಗೈತೆ ಅಂತ ನಗಾಡೋರು, ನಗಾಡ್ಲಿ. ಅವ್ವ ಒಬ್ಳೇ ನಂಗೆ ಒಳ್ಳೆ ದನಿ ಐತೆ ಅಂದಿದ್ದು. ಈಗ ಅವ್ಳ ಕಿವೀಲೂ ಹಾರ್ನ್ ಕಟ್ಬೇಕಾ?"

ಬೈಯಲೂ ಬಿಡದ ಮನುಷ್ಯ. ನನಗೆ ಇನ್ನೂ ಕೋಪ ಬಂತು. "ಒಳ್ಳೆ ದನಿ ಬೇಕು ಅಂತ ಇರೋ ದನೀನೂ ಇಲ್ದಂಗೆ ಕೂರ್ಸಿದ್ದೀರಲ್ಲ ಭಾವ" ಅಂದು ಚಂದ್ರಿಕೆ ಎತ್ತಿಕೊಂಡು ಹೋದೆ.

ಹೇಳಿದಂತೆ ಹೊರಟೆ. ಅತ್ತೆಯನ್ನು ಬಸ್ಸು ಹತ್ತಿಸಿ ಪಕ್ಕದಲ್ಲಿ ಕೂತರೆ ಹಿಂದಿನ ಸೀಟಿನಲ್ಲಿ ಭಾವ, ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿಕೊಂಡು. ಯಾರೂ ಕರೆದಿರಲಿಲ್ಲ. ಡಾಕ್ಟರಮ್ಮ ಅತ್ತೆಯನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈಯೆತ್ತಿ ಅಂತ ಸನ್ನೆ ಮಾಡಿ ತೋರಿಸಿದರು. ಇತ್ತ ಭಾವ ಮೇಜಿನ ಮೇಲಿದ್ದ ಇನ್ನೊಂದು ಹೆಡ್‌ಫೋನ್ ಎತ್ತಿ ತಲೆಕೆಳಗು ಮಾಡಿದ್ದರು.

"ಅಜ್ಜಿ ಕಿವಿ ನೋಡ್ಲಾ, ಇವರನ್ನ ನೋಡ್ಕೊಳ್ಲಾ?" ಡಾಕ್ಟರಮ್ಮ ನನ್ನನ್ನು ಕೇಳಿದರು.

ಇನ್ನೊಂದು ಸಲ ಹೋದಾಗ ಮೆಷಿನ್ ಹಾಕಿದರು, ಅವರೆಕಾಳಿನಷ್ಟಿತ್ತು. ಅತ್ತೆ ಬೆಚ್ಚಿ ಕುರ್ಚಿ ಹಿಡಿದುಕೊಂಡರು. ಸುತ್ತ ನೋಡಿದರು. ಮೇಲೆ ನೋಡಿದರು. "ಆ ಫ್ಯಾನ್‌ಗೆ ಒಸಿ ಎಣ್ಣೆ ಬುಡ್ಸಿ ತಾಯಿ, ಕಿರ್ ಅಂತೈತೆ" ಅಂದರು.

ಡಾಕ್ಟರಮ್ಮ ನಕ್ಕುಬಿಟ್ಟರು. ನನಗೆ ಅಳು ಬಂತು. ಭಾವ ಮಾತ್ರ ಇನ್ನೊಂದು ಕಿವಿಯ ಮೆಷಿನ್ ಅಂಗೈಯಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ಹುಡುಕುತ್ತಿದ್ದರು. "ಏನೂ ಬರ್ದಿಲ್ವಲ್ಲ ಮೇಡಂ. ಯಾವ ದೇಶದ್ದು?"

"ಒಂದು ಭಾಗ ಒಂದು ಕಡೆಯಿಂದ ಬಂದಿರುತ್ತೆ, ಇನ್ನೆಲ್ಲೋ ಸೇರಿಸಿರ್ತಾರೆ. ಒಂದೇ ದೇಶ ಅಂತ ಹೇಗೆ ಹೇಳಲಿ ನಿಮಗೆ?" ಅಂದರು ಅವರು. "ಅಜ್ಜಿಗೆ ಕೇಳಿಸ್ತಿದೆ ತಾನೆ?"

ಬಸ್ಸಿನಲ್ಲಿ ಕೂಟಗಲ್ ಬರುವವರೆಗೂ ಭಾವ ಬಾಯಿ ತೆರೆಯಲಿಲ್ಲ. ಅವರನ್ನು ನಾನು ಅಷ್ಟು ಹೊತ್ತು ಸುಮ್ಮನೆ ಕಂಡದ್ದು ಅದೊಂದೇ ಸಲ.

ಮುಂದಿನ ಬೆಳೆ ಸಮವಾಗಿ ಎದ್ದಿತು. ಹುಳ ಜೋರಾಗಿ ಮೇಯುತ್ತಿದ್ದ ಒಂದು ಸಂಜೆ ಅತ್ತೆ ತಾವಾಗಿಯೇ ಗೋಡೆ ಹಿಡಿದುಕೊಂಡು ಹುಳದ ಮನೆಗೆ ಬಂದರು. ಹೊಸ್ತಿಲಲ್ಲಿ ನಿಂತು ತಲೆ ವಾಲಿಸಿದರು. ನಾನು ಸೊಪ್ಪಿನ ಕುಕ್ಕೆ ಹಿಡಿದವಳು ಹಾಗೇ ನಿಂತೆ. ಅವರ ಹಿಂದೆ ಭಾವ, ಪರೀಕ್ಷೆ ಬರೆದ ಹುಡುಗನ ಹಾಗೆ.

"ಹೆಂಗೆ ಕೇಳ್ತೈತೆ ಅವ್ವ? ತಗಡು ಬಡ್ದಂಗಾ?"

"ಹುಳ ತಿಂದಂಗೆ ಕೇಳ್ತೈತೆ ಕಣ್ಲಾ."

"ಮತ್ತೆ ನನ್ ದನಿ?"

ಅತ್ತೆ ತಿರುಗಿಯೂ ನೋಡಲಿಲ್ಲ. "ನಿಂದು ಹಂಗೇ ಐತೆ. ಒಸಿ ಸುಮ್ಕಿರು, ಹುಳದ ಸದ್ದು ಕೇಳ್ತಾ ಇವ್ನಿ" ಅಂದರು. ಆಮೇಲೆ ನನಗೆ, "ಆ ಕಿಟಕಿ ಕಡೆ ತಟ್ಟೆಗೆ ಸೊಪ್ಪು ಸಾಲ್ದು ಕಣಮ್ಮಿ."

ಭಾವ ಕುಕ್ಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹೋಗಿ ಸೊಪ್ಪು ಹಾಕಿದರು. ಹಾಕಬೇಕಾದ ತಟ್ಟೆಗಲ್ಲ, ಪಕ್ಕದ್ದಕ್ಕೆ.

ಅಲ್ಲಿಗೆ ನನಗೆ ಸುಖ ಬಂತು ಅಂದುಕೊಂಡಿರಾ? ಕಿವಿ ಬಂದ ಮೇಲೆ ಭಾವ ದೇಶಗಳನ್ನೆಲ್ಲ ಮೊದಲಿಂದ ಅವ್ವನಿಗೆ ಪಾಠ ಹೇಳಲು ಹಿಡಿದರು. ಅತ್ತೆಯೂ ಬಿಡುವವರಲ್ಲ. "ಆ ಡೆನ್ಮಾರ್ಕ್‌ನೋರು ಏನ್ ಉಣ್ತಾರ್ಲಾ?" "ಜಪಾನಲ್ಲೂ ಹುಳ ಮೇಯಿಸ್ತಾರಾ? ಎಷ್ಟು ಜ್ವರ ಅಲ್ಲಿ?" ಬೆಳಗ್ಗೆಯಿಂದ ಸಂಜೆಯವರೆಗೆ ಜಗುಲಿಯಲ್ಲಿ ಇಬ್ಬರದೂ ಕೂಗು. ಮೆಷಿನ್ ಇದ್ದರೂ ಕೂಗುವ ಅಭ್ಯಾಸ ಭಾವನಿಗೆ ಹೋಗಲಿಲ್ಲ. ಮೆಷಿನ್ ಸಿಳ್ಳೆ ಹಾಕಿದರೆ ಸರಿಮಾಡುವುದು, ಸೆಲ್ಲು ಬದಲಿಸುವುದು, ಒರೆಸಿ ಡಬ್ಬಿಗೆ ಹಾಕುವುದು ಎಲ್ಲ ಅವರದೇ. ಪ್ರತಿ ಸಲ ಹಾಕುವ ಮುಂಚೆ ಒಮ್ಮೆ ತಿರುಗಿಸಿ ನೋಡುವುದು ಮಾತ್ರ ತಪ್ಪಲಿಲ್ಲ.

ಸಾತನೂರಿನ ಮಗಳು ಮನೆ ಮೇಲೊಂದು ಕೋಣೆ ಕಟ್ಟಿಸಿ, "ಅಪ್ಪಾ, ನನ್ ಜೊತೇಲಿ ಒಂದಷ್ಟು ದಿನ ಇರಬಾರ್ದಾ" ಅಂತ ಹಟ ಹಿಡಿದಳು. ಅವಳ ಹಟವೂ ನ್ಯಾಯವೇ. ಭಾವ ಹೋಗುತ್ತೇನೆ ಅಂದಾಗ, ನಿಜ ಹೇಳುತ್ತೇನೆ, ಅಟ್ಟ ಖಾಲಿಯಾಗುತ್ತದಲ್ಲ ಅಂತ ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಎಲ್ಲಿ ಈರುಳ್ಳಿ ಹರಡಬೇಕು, ಎಲ್ಲಿ ಚಂದ್ರಿಕೆ ಒರಗಿಸಬೇಕು ಅಂತ.

ಇವತ್ತು ಆಟೋ ಹೊರಡುವ ಮುಂಚೆ ಭಾವ ಅತ್ತೆಯ ಕಾಲಿಗೆ ಬಿದ್ದರು. "ಸೆಲ್ಲು ಜಯಮ್ಮ ಹಾಕ್ತಳೆ, ಅವ್ಳಿಗೆ ಹೇಳ್ಕೊಟ್ಟಿವ್ನಿ" ಅಂದರು. ಅತ್ತೆ, "ಹೋಗ್ಬಾರ್ಲಾ, ಅದೇನ್ ದೂರವಾ" ಅಂದರು. ಜಪಾನನ್ನು ತೊಡೆಯ ಮೇಲಿಟ್ಟುಕೊಂಡು ಭಾವ ಮುಂದಿನ ಸೀಟಿನಲ್ಲಿ ಕೂತರು. ಆಟೋ ತಿರುವಿನಲ್ಲಿ ಕುಲುಕಿದಾಗ ಅವರ ಕೂಗು ಕೇಳಿತು: "ನಿಧಾನ ಕಣಪ್ಪ, ಇಟಲಿ ಒಡ್ದೋಯ್ತದೆ!"

ಆಮೇಲೆ ಅಟ್ಟ ಗುಡಿಸಿದೆ. ಹುಳಕ್ಕೆ ಸಂಜೆಯ ಸೊಪ್ಪು ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಅತ್ತೆ ಜಗುಲಿಯಿಂದ ಕರೆದರು. "ಇದು ಕೆಟ್ಟೋಗೈತೆ ನೋಡಮ್ಮಿ. ಏನೂ ಕೇಳ್ತಿಲ್ಲ."

ತೆಗೆದು, ಒರೆಸಿ, ಹೊಸ ಸೆಲ್ಲು ಹಾಕಿ ಕೊಟ್ಟೆ. ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದು, "ಉಹೂಂ" ಅಂದರು.

"ನನ್ನ ಮಾತು ಕೇಳ್ತೈತಾ ಅತ್ತೆ?" ಮೆತ್ತಗೆ ಕೇಳಿದೆ.

"ನಿಂದು ಕೇಳ್ತೈತೆ. ಮನೆ ಕೇಳ್ತಿಲ್ಲ."

ನಮ್ಮನೆಯವರು ಕಂಬಕ್ಕೆ ಒರಗಿ ಕೂತಿದ್ದವರು ಎದ್ದು ಹಸುವಿನ ಕಡೆ ಹೋದರು. ಮೆಷಿನ್ ಸರಿಯಾಗಿಯೇ ಇತ್ತು, ನಾನು ಸೆಲ್ಲಿನ ಡಬ್ಬಿ ಮುಚ್ಚಿ ಒಲೆ ಹಚ್ಚಲು ಎದ್ದೆ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಸುಟ್ಟ ಹಪ್ಪಳ. ಸಾರಿಗೆ ಉಪ್ಪು ಒಂದು ಕೈ ಹೆಚ್ಚಾಗಿತ್ತು, ಎಲ್ಲರೂ ಹಾಗೇ ಉಂಡೆದ್ದರು. ಅತ್ತೆಯೇ ಮೊದಲು ಮಲಗಿದರು. ಮಲಗುವಾಗ ಮೆಷಿನ್ ತೆಗೆದಿಡಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ತೆಗೆಯಲು ಹೋದರೆ ಕೈ ಸರಿಸಿ, "ಇರ್ಲಿ ಬುಡು" ಅಂದು ಗೋಡೆ ಕಡೆ ತಿರುಗಿಕೊಂಡರು.